ಎರಡೂ ದಫ್ತರದಾಗ ಅವ

ಕಪಾಟಿನ ಬಾಗಿಲು ತೆರೆದಿತ್ತು. ಬಂಗಾರದ ಸರ ಇಟ್ಟಲ್ಲೇ ಇತ್ತು. ಅದರ ಪಕ್ಕದಲ್ಲಿದ್ದ ಎರಡು ಪಾಸ್‌ಪೋರ್ಟುಗಳು ಮಾತ್ರ ಇರಲಿಲ್ಲ!

"ಸುಭದ್ರಾಬಾಯಿ, ಓಡಿ ಬರ್ರಿ!"

ಗ್ರೇಸ ಸಿಸ್ಟರ್ ಕೂಗಿದ್ದು ಗೋಡೆಯಾಚೆಯ ನನಗಷ್ಟೇ ಅಲ್ಲ, ಬೀದರಿನ ಮಂಗಲಪೇಟೆಗೆಲ್ಲ ಕೇಳಿಸಿರಬೇಕು. ಮೂವತ್ತೈದು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ಪಳಗಿದ ಗಂಟಲು ಅದು.

ಆಗ ಬೆಳಗಿನ ಹನ್ನೊಂದು ಗಂಟೆ. ಎರಡಕ್ಕೆ ಸಿಸ್ಟರ್ ಮತ್ತು ಅವರ ಯಜಮಾನರಾದ ಯೇಸಪ್ಪ ಮಾಸ್ತರರು ವಿಮಾನ ಹಿಡಿಯಲು ಹೈದರಾಬಾದಿಗೆ ಹೊರಡಬೇಕು. ಮೂರು ತಿಂಗಳ ಪರದೇಶ ಪ್ರವಾಸ. ಮೊದಲ ಇಪ್ಪತ್ತು ದಿನ ಗ್ಲಾಸ್ಗೋದಲ್ಲಿ ಪರ್ಲ ಎಂಬ ಗೆಳತಿಯ ಮನೆ. ಅಲ್ಲಿಂದಲೇ ಎಡಿನ್‌ಬರೋ ಕೋಟೆ, ಸರೋವರ, ಬೆಟ್ಟ. ಆಮೇಲೆ ವೇಲ್ಸಿನಲ್ಲಿ ರೆಬೆಕ್ಕಾ. ಕೊನೆಗೆ ಲಂಡನ್. ಗೆಳತಿಯರಿಬ್ಬರೂ ಸಿಸ್ಟರ್ ಜೊತೆ ನರ್ಸಿಂಗ್ ಕಲಿತವರು. ಈ ಕಾರ್ಯಕ್ರಮವನ್ನೆಲ್ಲ ಸಿಸ್ಟರ್ ಒಂದು ಹಾಳೆಯಲ್ಲಿ ಬರೆದು, ರೋಗಿಯ ಮಂಚಕ್ಕೆ ಚಾರ್ಟು ತೂಗುಹಾಕಿದಂತೆ ಕಪಾಟಿಗೆ ಅಂಟಿಸಿದ್ದರು.

ಪರ್ಲ, ಸಿಸ್ಟರ್ ಮದುವೆಗೆ ಮುಂಚೆಯೇ ವಿಲಾಯಿತಿ ಸೇರಿದವಳು. ಮುಖಾಮುಖಿ ನೋಡಿ ನಲವತ್ತು ವರ್ಷ. ಬರುವ ತಿಂಗಳು ಮನೆ ಮಾರಿ ಮಗಳ ಹತ್ತಿರ ನ್ಯೂಜಿಲೆಂಡಿಗೆ ಹೋಗುತ್ತಾಳೆ.

"ಹೊಸಾ ಪಾಸ್‌ಪೋರ್ಟ, ಹೊಸಾ ವೀಸಾ ಅಂತ ಓಡಾಡೂದ್ರಾಗ ಪರ್ಲ ಹೋಗಿಬಿಟ್ಟಿರ್ತಾಳ," ಎಂದರು ಸಿಸ್ಟರ್. "ಆಮ್ಯಾಲ ಆಕಿ ಎಲ್ಲಿ, ನಾ ಎಲ್ಲಿ?"

ಅದೃಷ್ಟಕ್ಕೆ ನನ್ನ ಚಿಕ್ಕವ್ವನ ಮಗಳು ಮಹಾಮಾಯಾ ಅವರನ್ನು ಬೀಳ್ಕೊಡಲೆಂದು ಭಾಲ್ಕಿಯಿಂದ ಬಂದಿದ್ದಳು. ಪೊಲೀಸಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಕೈಯಲ್ಲಿ ಚಹಾದ ಕಪ್ಪು-ಬಸಿ ಹಿಡಿದುಕೊಂಡೇ ನನ್ನ ಹಿಂದೆ ಬಂದಳು.

"ಕಡೀಕ ನೋಡಿದವರು ಯಾರು?"

"ನಾನೇ," ಎಂದೆ. "ನಿನ್ನಿ ಸಂಜೀಕ ದಾರಿಗಿ ಇರಲಿ ಅಂತ ಶೇಂಗಾ ಹಿಂಡಿ ಚಟ್ನಿ ಕೊಡ್ಲಿಕ್ಕ ಬಂದಾಗ ಸಿಸ್ಟರ್ ತೋರಿಸಿದ್ರು. ಎರಡೂ ಇದ್ದವು."

"ಹಂಗಾರ ಅಕ್ಕಾ, ನೀನೂ ಲಿಸ್ಟಿನಾಗ ಇದ್ದಿ."

"ನನ್ನ ಮ್ಯಾಲೇ ಸಂಶೇ ಏನಾ?"

"ಡ್ಯೂಟಿಯೊಳಗ ಅಕ್ಕ-ತಂಗಿ ಇಲ್ಲ. ಅಂದಂಗ ನನಗ್ಯಾಕ ಒಂದು ಡಬ್ಬಿ ಹಿಂಡಿ ಕೊಡಲಿಲ್ಲ?"

ಉತ್ತರಕ್ಕೆ ಕಾಯದೆ ಸಿಸ್ಟರ್ ಕಡೆ ತಿರುಗಿದಳು.

"ಕೀಲಿ ಎಲ್ಲಿರ್ತದ?"

"ಕ್ಯಾಲೆಂಡರ್ ಹಿಂದ, ಮೊಳಿಗಿ. ಬಂದು ಹೋಗೋರಿಗೆಲ್ಲ ಗೊತ್ತದ."

"ಕೀಲಿ ಮುರಿದಿಲ್ಲ. ಬಂಗಾರ ಮುಟ್ಟಿಲ್ಲ. ಇಂಥಾ ಸಂಭಾವಿತ ಕಳ್ಳನ್ನ ನನ್ನ ಸರ್ವಿಸಿನಾಗೇ ನೋಡಿಲ್ಲ!"

ಹುಡುಕಾಟ ನಡೆಯಿತು. ಹಾಸಿಗೆ ಕೊಡವಿದೆವು. ಕಟ್ಟಿದ ಪೆಟ್ಟಿಗೆಗಳನ್ನು ಬಿಚ್ಚಿದೆವು. ಎಲ್ಲರಿಗಿಂತ ಜೋರಾಗಿ ಹುಡುಕಿದವರು ಮಾಸ್ತರರು. ಜೋಳದ ಡಬ್ಬದಲ್ಲಿ ಮೊಣಕೈತನಕ ಕೈ ಹಾಕಿದ್ದರು.

ಹೊರಗೆ ಪಡಸಾಲೆಯಲ್ಲಿ ಕಾರಿನ ಡ್ರೈವರ್ ಉಸ್ಮಾನ ಮಿಯಾ ಸಾಮಾನಿಗೆ ಹಗ್ಗ ಬಿಗಿಯುತ್ತಿದ್ದ. ಮೊಳೆಗೆ ತೂಗುಹಾಕಿದ ಮಾಸ್ತರರ ಹಳೆಯ ಚೀಲ ತಲೆಗೆ ತಾಗದಂತೆ ಬಗ್ಗಿ ಒಳಗೆ ಬಂದ.

"ಸಿಸ್ಟರಮ್ಮಾ, ಯಾಕ ಪರೇಶಾನ ಆಗ್ತೀರಿ? ಮಾಸ್ತರ ಸಾಬ್ ಮುಂಜಾನಿ ನನ್ನ ಎದುರಿಗೇ ಯಾರಿಗೋ ಫೋನಿನಾಗ ಅಂದ್ರಲ್ಲಾ — 'ಎರಡೂ ದಫ್ತರದಾಗ ಅವ, ಯಾರೂ ಕೈ ಹಚ್ಚಂಗಿಲ್ಲ' ಅಂತ?"

ಎಲ್ಲರೂ ಮಾಸ್ತರರನ್ನು ನೋಡಿದೆವು. ಅವರ ಬೆರಳ ಸಂದಿಯಿಂದ ಜೋಳ ಉದುರಿತು.

"ಹಾಂ... ಹೌದಲ್ಲ! ಮುನೀರೋದ್ದೀನನ ದಫ್ತರದಾಗೇ ಉಳಿದಿರಬೇಕು!"

ಬೀದರಿನಲ್ಲಿ ದಫ್ತರ ಎಂದರೆ ಆಫೀಸು. ಮುನೀರೋದ್ದೀನ ಎಂದರೆ ಇವರ ಟಿಕೆಟು, ವೀಸಾ ಮಾಡಿಸಿಕೊಟ್ಟ ಏಜೆಂಟ. ಸಿಸ್ಟರ್ ಫೋನಿನಲ್ಲಿ ಅವನಿಗೆ ಏನು ಅಂದರೋ, ಹತ್ತು ನಿಮಿಷಕ್ಕೆ ಸ್ಕೂಟರ್ ಮೇಲೆ ಹಾಜರಾದ. ಬಗಲಲ್ಲಿ ದಪ್ಪ ರಿಜಿಸ್ಟರ್.

"ಇಪ್ಪತ್ತು ವರ್ಷದ ಧಂದಾ ನಂದು! ಇದು ಯಾರ ಸಹಿರಿ? 'ಎರಡು ಪಾಸ್‌ಪೋರ್ಟ ಮುಟ್ಟಿದವು' ಅಂತ ಬರದವರು ಯಾರ್ರಿ?"

ದುಂಡು ಅಕ್ಷರ. ಮಾಸ್ತರರದೇ.

"ಅದೂ ಅಲ್ಲದ ನಿನ್ನಿ ಸಂಜೀಕ ಅಕ್ಕ ಇಲ್ಲೇ ನೋಡ್ಯಾಳ," ಎಂದಳು ಮಹಾಮಾಯಾ. "ಮುನೀರೋದ್ದೀನರೆ, ನಿಮ್ಮ ಮ್ಯಾಲ ಸಂಶೇ ಇಲ್ಲ, ನೀವು ಸುಟ್ಟಿ."

"ಮತ್ತ ನನಗ ಮಾಫಿ ಯಾರು ಕೇಳ್ತೀರಿ?"

ಯಾರೂ ಕೇಳಲಿಲ್ಲ. ನಾನು ಅವನ ಕೈಗೆ ಚಹಾ ಕೊಟ್ಟೆ.

ಹನ್ನೆರಡೂವರೆ ಆಯಿತು. ಸಿಸ್ಟರ್ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಕಪಾಟಿಗೆ ಅಂಟಿಸಿದ ಹಾಳೆಯನ್ನು ಮೆಲ್ಲಗೆ ಕಿತ್ತು, ಎರಡು ಮಡಿಕೆ ಮಾಡಿ ಮಡಿಲಲ್ಲಿಟ್ಟುಕೊಂಡರು.

"ಪರ್ಲಗ ಫೋನ್ ಹಚ್ತೇನಿ. ಬರೂದಿಲ್ಲ ಅಂತ ಹೇಳ್ತೇನಿ."

ಆ ಮಾತು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ಮಾಸ್ತರರು ಏನೋ ಹೇಳಲು ಬಾಯಿ ತೆರೆದರು. ಮುಚ್ಚಿದರು. ಮಹಾಮಾಯಾ ಅದನ್ನು ನೋಡಿದಳು.

"ಮಾಸ್ತರೆ, ಮುಂಜಾನಿ ಫೋನ್ ಯಾರಿಗಿ ಹಚ್ಚಿದ್ರಿ?"

"ತಂಗಿಗಿ."

"ತಂಗಿ ಯಾವೂರಾಗ ಇರ್ತಾರ?"

"ಮೆಹಕರದಾಗ. ನಮ್ಮೂರು ಅದೇ ಅಲ್ಲೇನ್ರಿ?"

ಮಹಾಮಾಯಾ ಕಪ್ಪು-ಬಸಿ ಕೆಳಗಿಟ್ಟಳು. ನೇರ ಪಡಸಾಲೆಗೆ ನಡೆದಳು. ಮೊಳೆಯ ಮೇಲಿದ್ದ ಹಳೆಯ ಚೀಲಕ್ಕೆ ಕೈ ಹಾಕಿದಳು. ಮಾಸ್ತರರು ಮೂವತ್ತು ವರ್ಷ ಹೆಗಲಿಗೇರಿಸಿಕೊಂಡು ಶಾಲೆಗೆ ಹೋದ ಚೀಲ. ತೊಳೆಯುವುದಕ್ಕೂ ಯಾರಿಗೂ ಕೊಟ್ಟವರಲ್ಲ. ಕೈ ಹೊರಗೆ ಬಂದಾಗ ಅದರಲ್ಲಿ ಎರಡು ನೀಲಿ ಪುಸ್ತಕಗಳಿದ್ದವು!

"ಹ್ಯಾಂಗ ಗೊತ್ತಾಯ್ತೇ ನಿನಗ?" ಎಂದೆ.

"ನೀವೆಲ್ಲ ಬೀದರದವರು. ದಫ್ತರ ಅಂದ್ರ ಆಫೀಸು ಅಂತೀರಿ. ಮೆಹಕರ ಇರೂದು ಮಹಾರಾಷ್ಟ್ರದ ಗಡಿಗಿ. ಅಲ್ಲಿಯವರಿಗೆ ದಫ್ತರ ಅಂದ್ರ ಸಾಲಿ ಚೀಲ. ಒಮ್ಮೆ ನಮ್ಮ ಠಾಣೆಕ ಆ ಕಡಿಯಿಂದ ಒಬ್ಬಾಂವ ಬಂದು 'ದಫ್ತರ ಕಳುವಾಗ್ಯಾದ' ಅಂದ. ನಮ್ಮ ಸಾಹೇಬ್ರು ಹೊಸಬ್ರು. ಪಂಚಾಯತಿ ಆಫೀಸೇ ಹೊತ್ತೊಯ್ದಾರಂತ ನಾಕು ಮಂದಿ ಪೊಲೀಸರನ್ನ ಜೀಪಿನಾಗ ತುಂಬಿಕೊಂಡು ಓಡಿದ್ರು. ಹೋಗಿ ನೋಡಿದ್ರ — ಎರಡು ಪಾಟಿ, ಅರ್ಧಾ ರೊಟ್ಟಿ ಇದ್ದ ಚೀಲ!"

ಉಸ್ಮಾನ ಮಿಯಾ ಹಣೆ ಬಡಿದುಕೊಂಡ. "ನಾ ಅದರ ಬುಡಕೇ ನಿಂತಿದ್ದೆ!"

"ಮಾಸ್ತರರು ಬೀದರದಾಗ ಎಷ್ಟೇ ವರ್ಷ ಇರಲಿ, ತಂಗಿ ಕೂಡ ಮಾತಾಡುವಾಗ ಮೆಹಕರದವರೇ. ಉಸ್ಮಾನ ಮಿಯಾ ಕೇಳಿದ್ದು ಖರೆ. ತಿಳಕೊಂಡದ್ದು ತಪ್ಪು. ಆ ತಪ್ಪಿನಾಗೇ ಮಾಸ್ತರರು ಅಡಗಿ ಕುಂತ್ರು. ಸಿಸ್ಟರ್, ನಿಮ್ಮ ಕಳ್ಳ ಇವರೇ."

ಸಿಸ್ಟರ್ ಎದ್ದು ನಿಂತರು. "ಯಾಕ್ರಿ? ನಾ ಪರ್ಲನ್ನ ನೋಡೂದು ನಿಮಗ ಬ್ಯಾಡಾಗಿತ್ತೇನು?"

ಮಾಸ್ತರರು ಪಾಠ ಬಾರದ ವಿದ್ಯಾರ್ಥಿಯಂತೆ ನೆಲ ನೋಡಿದರು.

"ನಮ್ಮ ಲಗ್ನಕಿಂತ ಮೊದಲು... ಔರಾದ ಕಡಿ, ಠಾಣಾ ಕುಶನೂರಿಗಿ ಒಂದು ಹೆಣ್ಣು ನೋಡ್ಲಿಕ್ಕ ಹೋಗಿದ್ದೆ. ಆ ಹೆಣ್ಣು — ಪರ್ಲ."

ಮುನೀರೋದ್ದೀನ ಚಹಾ ಕುಡಿಯುವುದನ್ನು ನಿಲ್ಲಿಸಿದ.

"ಆಕಿ ನನಗ ಒಲ್ಲೆ ಅಂದ್ಲು. ಹುಗ್ಗಿ ಮೂರು ಸಲ ಹಾಕಿಸ್ಕೊಂಡೆ ಅಂತ! ನಿನಗ ಇದು ಗೊತ್ತಿಲ್ಲ. ಇಪ್ಪತ್ತು ದಿನ ಆಕಿ ಮನ್ಯಾಗ, ಆಕಿ ಎದುರಿಗೇ ಕುಂತು ಉಣಬೇಕು. ಒಂದು ದಿನ ಆಕಿ ಬಾಯಿ ಬಿಟ್ಟೇ ಬಿಡ್ತಾಳ. ಆಕಿ ನ್ಯೂಜಿಲೆಂಡಿಗಿ ಹೋದಮ್ಯಾಲ ಪಾಸ್‌ಪೋರ್ಟ ಸಿಕ್ಕವು ಅಂತ ಹೇಳೋಣಂತಿದ್ದೆ. ಲಂಡನ್ ಅಷ್ಟೇ ನೋಡಿ ಬಂದ್ರಾಯ್ತು ಅಂತ..."

ಸಿಸ್ಟರ್ ಅವರನ್ನೇ ನೋಡುತ್ತಿದ್ದರು. ಬೈಗುಳಕ್ಕೆ ನಾವೆಲ್ಲ ತಯಾರಾದೆವು.

"ಮೂರು ಸಲ ಅಲ್ರಿ," ಎಂದರು. "ನಾಕು ಸಲ."

"ಆಂ?"

"ಹಾಸ್ಟೆಲಿಗಿ ವಾಪಸ್ ಬಂದ ದಿನಾನೇ ಹೇಳಿದ್ಲು. 'ಗಂಡು ಛಲೋ ಅದ, ನನಗ ಅಷ್ಟು ಅಡಿಗಿ ಮಾಡ್ಲಿಕ್ಕ ಆಗಂಗಿಲ್ಲ, ನೀ ನೋಡು' ಅಂದ್ಲು. ನಮ್ಮಪ್ಪಗ ನಿಮ್ಮ ವಿಳಾಸ ಕೊಟ್ಟಾಕಿ ಯಾರಂತ ತಿಳಿದೀರಿ?"

ಮಾಸ್ತರರು ಸಿಸ್ಟರ್ ಬಿಟ್ಟೆದ್ದ ಪೆಟ್ಟಿಗೆಯ ಮೇಲೆ ಕೂತೇಬಿಟ್ಟರು. "ಇಷ್ಟು ವರ್ಷ ನನಗ ಯಾಕ ಹೇಳಲಿಲ್ಲ?"

"ನೀವು ಹೇಳ್ತೀರೇನೋ ಅಂತ ಕಾಯ್ತಿದ್ದೆ."

ಎರಡಕ್ಕೆ ಐದು ನಿಮಿಷ ಇರುವಾಗ ಕಾರು ತಯಾರಾಯಿತು. ಎರಡೂ ಪಾಸ್‌ಪೋರ್ಟು ಈಗ ಸಿಸ್ಟರ್ ಕೈಚೀಲದಲ್ಲಿ, ಕೈಚೀಲ ಅವರ ಬಗಲಲ್ಲಿ. ಮಾಸ್ತರರು ಮೂಲೆಗೆ ಒತ್ತಿ ಕೂತಿದ್ದರು. ಮಹಾಮಾಯಾ ಕಿಟಕಿಯಲ್ಲಿ ಬಗ್ಗಿದಳು.

"ಪರ್ಲಗ ನಮ್ಮ ಪರವಾಗೂ ಥ್ಯಾಂಕ್ಸ್ ಹೇಳ್ರಿ, ಸಿಸ್ಟರ್."

ಸಿಸ್ಟರ್ ಪಕ್ಕದಲ್ಲಿದ್ದ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

"ಥ್ಯಾಂಕ್ಸ್ ಹೇಳಬೇಕೋ, ಜಗಳಾ ತಗೀಬೇಕೋ — ಅದನ್ನ ಅಲ್ಲಿಗಿ ಮುಟ್ಟೂದ್ರಾಗ ಇವರ ನಡತಿ ನೋಡಿ ಠರಾಸ್ತೇನಿ. ಬಿಡ್ರಿ ಗಾಡಿ, ಉಸ್ಮಾನ ಮಿಯಾ!"