ಬೇವಿನೆಣ್ಣೆಯ ಭಾನುವಾರ

"ಆಗಂಡಿ!"

ನಿಲ್ಲಿರೆಂದು ತೆಲುಗಿನಲ್ಲಿ ಕೂಗಿ ಯಾರೋ ಸರಕ್ಕನೆ ಮುಂಗೈ ಹಿಡಿದಾಗ ಶರ್ವರಿ ಬೆಚ್ಚಿಬಿದ್ದಳು. ಕೈಯಲ್ಲಿ ಸೀಮೆಎಣ್ಣೆಯ ಬಾಟಲಿ. ಕಾಲ ಬಳಿ, ಮೈತುಂಬ ಉಣ್ಣಿ ಹತ್ತಿ ಕೆರೆದುಕೊಳ್ಳುತ್ತಿದ್ದ ಅವಳ ನಾಯಿ ಬೂಂದಿ.

"ಯಾಂವ ಇಂವ, ಕೈ ಹಿಡ್ಯಾಂವ..." ಗೊಣಗಿದಳು.

"ಮ್ಯಾಲಿನ ಮನಿ ಹೇಮಂತ ರೀ! ಚಿಮಣಿ ಎಣ್ಣಿ ಹಚ್ಚಿದ್ರ ಪಾಪ ಅದರ ಚರ್ಮ ಸುಡತೈತಿ."

ಅಯ್ಯೋ, ಕನ್ನಡ! ತೆಲುಗು ನಾಡಿನ ಕೊಂಡಾಪುರದಲ್ಲಿ ದಿನಕ್ಕೊಂದು ಸಾಫ್ಟ್‌ವೇರ್ ಆಫೀಸು ಏಳುತ್ತಿದ್ದ ಕಾಲವದು. ಇಡೀ ದಿನ ತೆಲುಗು, ಹಿಂದಿ ಕೇಳಿ ದಣಿದ ಕಿವಿಗೆ ಊರಿನ ದನಿ... ಬೈಯಬೇಕೆಂದವಳು ನಕ್ಕುಬಿಟ್ಟಳು.

ಅಂದಿನಿಂದ ಭಾನುವಾರ ಬಂತೆಂದರೆ ಟೆರೇಸು. ಹೇಮಂತ ಚಿಮಟದಿಂದ ಉಣ್ಣಿ ಕಿತ್ತು, ಲಕ್ಕಿ ಸೊಪ್ಪು ಕುದಿಸಿದ ನೀರಲ್ಲಿ ಬೂಂದಿಯ ಮೈ ತೊಳೆದು, ಕೊಬ್ಬರಿ ಎಣ್ಣೆಗೆ ತುಸು ಬೇವಿನೆಣ್ಣೆ ಬೆರೆಸಿ ಸವರುತ್ತಿದ್ದ.

"ಉಣ್ಣಿಗೆ ಈ ವಾಸನಿ ಆಗೂದಿಲ್ಲರಿ. ಹತ್ರ ಬರೂದಿಲ್ಲ."

"ನನಗೂ ಆಗೂದಿಲ್ಲ!"

"ಆದ್ರೂ ಇಲ್ಲೇ ಕುಂತೀರಲ್ಲ?"

ಶರ್ವರಿಯ ಕೆನ್ನೆ ಬಿಸಿಯಾಯಿತು.

ಒಂದು ಭಾನುವಾರ ಅವನ ಅಂಗೈ ಅವಳ ಕಣ್ಣಿಗೆ ಬಿತ್ತು. ಕೆಂಪು ಕೆಂಪು ದದ್ದು! 'ನನ್ನ ನಾಯಿ ಸಲುವಾಗಿ ಈ ಎಣ್ಣೆ ಮುಟ್ಟಿ ಮುಟ್ಟಿ...' ಏನೂ ಹೇಳದೆ, ಸಂಜೆಯೇ ಹೋಗಿ ಅಂಗಡಿಯಿಂದ ಉಣ್ಣಿ ಓಡಿಸುವ ಕೊರಳಪಟ್ಟಿ ತಂದು ಬೂಂದಿಗೆ ಕಟ್ಟಿದಳು.

ಮುಂದಿನ ವಾರ ಎಣ್ಣೆಬಟ್ಟಲು ಹಿಡಿದು ಬಂದ ಹೇಮಂತನ ಕಣ್ಣು ಆ ಪಟ್ಟಿಯ ಮೇಲೆ ನಿಂತಿತು.

"ಛಲೋ ಆತು ಬಿಡ್ರಿ," ಎಂದವನೇ ಮೆಟ್ಟಿಲಿಳಿದು ಹೋದ.

ಆಮೇಲೆ ಬರಲೇ ಇಲ್ಲ!

ಬೂಂದಿ ಮೆಟ್ಟಿಲ ಕಡೆಗೇ ಮುಖಮಾಡಿ ಮಲಗುತ್ತಿತ್ತು. 'ಉಣ್ಣಿ ಹೋದ್ವು, ಅಂವಾನೂ ಹೋದ. ಅಂವ ಬರ್ತಿದ್ದದ್ದು ನಾಯಿಗಷ್ಟೇನು?' ಶರ್ವರಿಗೆ ಊಟ ಸೇರಲಿಲ್ಲ. ಕೊನೆಗೆ ತಾನೇ ಹೋಗಿ ಅವನ ಬಾಗಿಲು ಬಡಿದಳು. ಕೈಯಲ್ಲಿ ಒಂದು ಜೊತೆ ರಬ್ಬರ್ ಗ್ಲೌಸು.

"ನಿಮ್ಮ ಕೈತುಂಬ ದದ್ದು ಎದ್ದಿತ್ತು... ಅದಕ್ಕ ಪಟ್ಟಿ ತಂದೆ. ಬರಬ್ಯಾಡ್ರಿ ಅಂತ ಅಲ್ಲ!"

ಹೇಮಂತ ಗ್ಲೌಸನ್ನೇ ನೋಡುತ್ತ ನಿಂತ. "ನಾ... ಇನ್ನ ನನ್ನ ಕೆಲಸ ಮುಗೀತು ಅನ್ಕೊಂಡೆ."

"ಮುಗೀತೇನು?"

"ಬೇವಿನ ವಾಸನಿ ಭಾಳ ದಿನ ನಿಲ್ಲೂದಿಲ್ಲರಿ. ವಾರವಾರ ಹಚ್ಚಬೇಕು."

"ಎಲ್ಲೀತನಕ?"

"ಬೂಂದಿ ಮುದುಕಿ ಆಗೂತನಕ..." ಅವನ ದನಿ ಸಣ್ಣಗಾಯಿತು. "ನೀವು ಹೂಂ ಅಂದ್ರ, ನಾವೂ ಆಗೂತನಕ."

ಶರ್ವರಿಯ ಕಣ್ಣು ತುಂಬಿತು. ಅವನ ಮುಂಗೈ ಗಟ್ಟಿಯಾಗಿ ಹಿಡಿದಳು.

"ಅವತ್ತ ನೀವ್ ಹಿಡದಿದ್ರಿ. ಇವತ್ತ ನನ್ನ ಪಾಳಿ."

"ಮತ್ತ ವಾಸನಿ?"

"ರೂಢಿ ಆಗೈತಿ, ನಡೀರಿ... ಬೂಂದಿ ಕಾಯಾಕತ್ತೈತಿ!"