ಬಾಯಿ ಬಿಡದ ಡಬ್ಬಿ

"ಕೊಡಿಲ್ಲೆ, ನಾ ತಗೀತೀನಿ!"

ಕ್ಲಾಸಿನ ಪೈಲ್ವಾನ ಪ್ರಜ್ವಲ ಧನಶ್ರೀಯ ಊಟದ ಡಬ್ಬಿ ಕಿತ್ತುಕೊಂಡ. ತಿರುವಿ ತಿರುವಿ ಅವನ ಮುಖ ಕೆಂಪಾಯಿತೇ ಹೊರತು ಸ್ಟೀಲಿನ ಮುಚ್ಚಳ ಕದಲಲಿಲ್ಲ.

ಧನಶ್ರೀಗೆ ಅಳುವೇ ಬಂತು. ವಾರದಿಂದ ಗೆಳತಿ ಸಂಯುಕ್ತಾಳ ಮುಂದೆ ಅವ್ವನ ಬದನೆಕಾಯಿ ಎಣ್ಣೆಗಾಯಿಯನ್ನು ಹೊಗಳಿದ್ದೇ ಹೊಗಳಿದ್ದು. ಅದನ್ನು ನಂಬಿ ಆ ಹುಡುಗಿ ಇವತ್ತು ಬರೀ ಅನ್ನ ತಂದಿದ್ದಳು!

"ಗುತ್ತಿ ವಂಕಾಯ ಏದೀ?" ಎಲ್ಲಿ ಅಂತ ಸಂಯುಕ್ತಾ ರಾಗ ಎಳೆದಳು. ಎಣ್ಣೆಗಾಯಿಗೆ ಅವರ ತೆಲುಗಿನಲ್ಲಿ ಅದೇ ಹೆಸರು.

"ಎಲ್ಲಾ ನಮ್ಮವ್ವಂದ ತಪ್ಪು," ಧನಶ್ರೀ ಸಿಡುಕಿದಳು. "ಕುದಿಯೋದನ್ನ ಹಾಕಿ, ಎರಡೂ ಕೈಲೆ ಒತ್ತಿ ಮುಚ್ಚತಾಳ."

ಹೇಳಿದವಳೇ ಥಟ್ಟನೆ ನಿಂತಳು. ಕಾಲೇಜಿನಲ್ಲಿ ಇಂಟರ್ ಓದುವ ಅಕ್ಕ ಪ್ರಾಜಕ್ತಾ ಮನೆ ತುಂಬ ಓಡಾಡುತ್ತ ಉರು ಹೊಡೆಯುವ ಕೆಮಿಸ್ಟ್ರಿ ನೆನಪಾಯಿತು. "ಮುಚ್ಚಿದ ಪಾತ್ರ್ಯಾಗಿನ ಗ್ಯಾಸ್ ತಣ್ಣಗಾದರ ಪ್ರೆಶರ್ ಇಳೀತೈತಿ, ಬಿಸಿಯಾದರ ಏರತೈತಿ." ಕೇಳಿ ಕೇಳಿ ಧನಶ್ರೀಗೂ ಅದು ಬಾಯಿಪಾಠ. ಅರ್ಥ ಮಾತ್ರ ಆಗಿರಲಿಲ್ಲ.

"ಒಳಗಿನ ಹವಾ ತಣ್ಣಗಾಗಿ ಸೋತೈತಿ! ಹೊರಗಿನ ಹವಾ ಮುಚ್ಚಳ ಒತ್ತಿ ಹಿಡದೈತಿ!"

ಡಬ್ಬಿ ಎತ್ತಿಕೊಂಡು ಅಂಗಳದ ನಲ್ಲಿಗೆ ಓಡಿದಳು. ಬಿಸಿಲಿಗೆ ಮೇಲಿನ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದಿತ್ತು. ಬೇಸಗೆ ಶುರುವಾದಾಗಿನಿಂದ ಆ ನಲ್ಲಿಗೆ ಬೈಯುತ್ತಿದ್ದ ಹುಡುಗಿಗೆ ಈಗ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಡಬ್ಬಿಯನ್ನು ನೀರಿಗೆ ಹಿಡಿದು ಹೊರಳಿಸಿದಳು, ಕಾದಳು, ಮತ್ತೆ ತಿರುವಿದಳು.

ಟಪ್!

ಶೇಂಗಾ ಮಸಾಲೆಯ ಘಮ ಮೂಗಿಗೆ ಬಡಿಯಿತು.

"ನಾ ಮೊದಲ ಸಡಲ ಮಾಡಿದ್ನಲ್ಲ, ಅದಕ್ಕ ಬಂತು," ಎಂದ ಪ್ರಜ್ವಲ.

ಸಂಯುಕ್ತಾ ಅನ್ನಕ್ಕೆ ಕಲಸಿಕೊಂಡು ಬೆರಳು ಚೀಪಿ ಚೀಪಿ ತಿಂದಳು. ಪ್ರಜ್ವಲನೂ ಕೈ ಹಾಕಿದ. ಧನಶ್ರೀಯ ಪಾಲಿಗೆ ಉಳಿದದ್ದು ಒಂದು ಪುಟ್ಟ ಬದನೆಕಾಯಿ. ಅವಳಿಗೇನೂ ಬೇಸರವಾಗಲಿಲ್ಲ.

ಸಂಜೆ ಇದನ್ನೆಲ್ಲ ಕೇಳಿ ಅವ್ವ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನನ ಕೂಸ! ಮಧ್ಯಾನಕ್ಕ ನಿನಗ ಚೂರರೆ ಬೆಚ್ಚಗಿರಲಿ ಅಂತ ಹಂಗ ಒತ್ತತಿದ್ದೆ. ನಾಳಿಂದ ಆರಿಸಿ ಹಾಕತೀನಿ ತಗೋ."

ಸುಡುವ ಮುಚ್ಚಳಕ್ಕೆ ಸೆರಗು ಹಿಡಿದು, ತುಟಿ ಕಚ್ಚಿ ಒತ್ತುವ ಅವ್ವ ಕಣ್ಣ ಮುಂದೆ ಬಂದಳು. ದಿನಾ ಬೆಳಗ್ಗೆ ಕಂಡದ್ದೇ. ಧನಶ್ರೀ ಹತ್ತಿರ ಸರಿದು ಕುಳಿತಳು.

"ಬ್ಯಾಡವ್ವಾ, ಬಿಸೀದನ್ನ ಹಾಕು," ಎಂದಳು. "ತಗ್ಯಾಕ ನನಗ ಬರತೈತಿ."