ಬೆನ್ನ ಹಿಂದಿನ ಮೆಸೇಜು

ಡಬ್ಬಿ ಮೇಡಂ ಮೊದಲ ಸಲ ನೀರಿನ ಟ್ಯಾಂಕರ್ ಹತ್ತಿದ ದಿನ ಡ್ರೈವರ್ ಮಹಾಶಯನ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ, ತುಂಬಿದ ಟ್ಯಾಂಕಿನಲ್ಲಿ ಅಲೆ ಎದ್ದು ನೀರು ರಸ್ತೆಗೆ ಚೆಲ್ಲಿತು.

ಗುಡ್ಡ ಜಾರಿ ಮೊಬೈಲ್ ಟವರ್ ಮಕಾಡೆ ಮಲಗಿತ್ತು. ಹೊಸದು ಎದ್ದು ನಿಲ್ಲುವ ತನಕ ಕಣಿವೆಯ ಜನ ಮೂಕರಾಗಬಾರದೆಂದು ಕಂಪನಿ ಅವಳನ್ನು ಕಳಿಸಿತ್ತು. ಓಡಾಡುವ ಗಾಡಿಗಳಿಗೆಲ್ಲ ಒಂದೊಂದು ಡಬ್ಬಿ ಬಿಗಿಯುವುದು ಅವಳ ಕೆಲಸ. ಮೊಬೈಲಿನಲ್ಲಿ ಮೆಸೇಜು ಒತ್ತಿದರೆ ಹತ್ತಿರದ ಡಬ್ಬಿ ಅದನ್ನು ನುಂಗಿಕೊಳ್ಳುತ್ತದೆ. ಗಾಡಿಗೆ ಗಾಡಿ ಎದುರಾದಾಗ ಒಂದರ ಬಾಯಿಂದ ಇನ್ನೊಂದರ ಬಾಯಿಗೆ ದಾಟಿ, ಹೇಗೋ ಸೇರಬೇಕಾದವರನ್ನು ಸೇರುತ್ತದೆ.

"ಡಬ್ಬಿ ಮೆಸೇಜನ್ನ ಸಿಕ್ಕಸಿಕ್ಕ ಗಾಡಿಗೆಲ್ಲ ಕೊಡಲ್ಲ," ಅಂದಳು, ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡೇ. "ಯಾರು ಯಾರನ್ನ ಪದೇ ಪದೇ ಭೇಟಿ ಆಗ್ತಾರೆ ಅಂತ ಡಬ್ಬಿ ನೆನಪಿಟ್ಕೊಳತ್ತೆ. ಅವ್ರ ಗಾಡಿಗೇ ಕೊಡತ್ತೆ. ಒಂದೇ ಒಂದು ಪ್ರತಿ. ತಲುಪಿಸಿದ್ರೆ ಹಸಿರು ದೀಪ, ಇನ್ನೂ ಹೊತ್ಕೊಂಡಿದ್ರೆ ಹಳದಿ. ಗೊತ್ತಾಯ್ತಾ?"

"ಗೊತ್ತಾಯ್ತು."

"ಏನು ಗೊತ್ತಾಯ್ತು, ಹೇಳಿ ನೋಡೋಣ."

"ನಿಮ್ ಕೆನ್ನೆಗೆ ಗ್ರೀಸ್ ಹತ್ತಿದೆ."

ಅವಳು ಮೊಣಕೈಯಿಂದ ಕೆನ್ನೆ ಒರೆಸಿಕೊಂಡಳು. ಗ್ರೀಸು ಹೋಗುವ ಬದಲು ಕಿವಿಯವರೆಗೂ ಹಬ್ಬಿತು. ಅದನ್ನು ನೋಡಿ ಅವನೂ, ಅವನನ್ನು ನೋಡಿ ಅವಳೂ ನಕ್ಕರು. ಡಬ್ಬಿಯ ಪಾಠ ಅಲ್ಲಿಗೇ ಮುಗಿಯಿತು. ಆ ಪಾಠವನ್ನು ನೆಟ್ಟಗೆ ಕೇಳಿಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಂದಿನಿಂದ ತಿರುವಿನ ಮೇಲಿದ್ದ ಅವಳ ವರ್ಕ್‌ಶಾಪಿಗೆ ನೀರೋ ನೀರು. ಬೆಳಿಗ್ಗೆ ಒಂದು ಟ್ಯಾಂಕರ್, ಮಧ್ಯಾಹ್ನ ಇನ್ನೊಂದು, ಸಂಜೆ ಸುಮ್ಮನೆ ಮತ್ತೊಂದು. ಆನೆಗಳ ಹಿಂಡಿಗೆ ಸ್ನಾನ ಮಾಡಿಸಿ ಉಳಿದದ್ದರಲ್ಲಿ ದೋಣಿ ಬಿಡಬಹುದಿತ್ತು.

"ಇಷ್ಟು ನೀರಲ್ಲಿ ನಾನೇನು ಮೀನು ಸಾಕ್ಲಾ?" ಅನ್ನುತ್ತಿದ್ದಳು ಅವಳು.

"ಇರ್ಲಿ ಬಿಡಿ, ಸೆಕೆ ಜಾಸ್ತಿ," ಅನ್ನುತ್ತಿದ್ದ ಅವನು, ಚಳಿಗೆ ಹಲ್ಲು ಕಟಕಟ ಕಡಿಯುತ್ತಾ.

ಮನೆಯಲ್ಲಿ ಅತ್ತಿಗೆ ಬಿಡುತ್ತಾಳೆಯೇ? "ಏನು ಮೈದುನ, ಮೂರು ಹೊತ್ತೂ ಆ ಗುಡ್ಡ ಹತ್ತಿ ಇಳಿದು ಟೈರೆಲ್ಲ ಬೋಳಾಯ್ತು. ಬಾಯಿ ಬಿಟ್ಟು ಹೇಳ್ಬಾರ್ದಾ?"

"ಎದುರಿಗೆ ನಿಂತ್ರೆ ನಾಲಿಗೆ ಏಳಲ್ಲ ಅತ್ತಿಗೆ."

"ಹಾಗಾದ್ರೆ ಮೆಸೇಜ್ ಹಾಕು. ಟವರ್ ಎದ್ದ ದಿನ ಅವ್ಳು ಡಬ್ಬಿ ಎಲ್ಲ ಬಿಚ್ಕೊಂಡು ಹೊರಡ್ತಾಳೆ. ಆಮೇಲೆ ನೀನೂ ನಿನ್ ಟ್ಯಾಂಕರೂ ಕೂತು ಅಳಿ."

ಅಂಗಳದಲ್ಲಿ ನಿಂತ ಟ್ಯಾಂಕರಿಗೆ ಒರಗಿ ಅವನು ಬರೆದ, ಅಳಿಸಿದ, ಬೆವೆತ. ಕಣ್ಣು ಮುಚ್ಚಿ ಒತ್ತಿಯೇಬಿಟ್ಟ. ಒತ್ತಿದ್ದೇ ತಡ, ನಾಚಿಕೆ ಅವನ ಮೇಲೆ ಬಂಡೆಯಂತೆ ಉರುಳಿತು. ಅವಳು ಓದಿರುತ್ತಾಳೆ, ನಕ್ಕಿರುತ್ತಾಳೆ! ಉತ್ತರ ಬರುವ ತನಕ ಮುಖ ತೋರಿಸುವುದಿಲ್ಲವೆಂದು ತಿರುವಿನ ಕೆಳಗಿದ್ದ ಅವಳ ನೆಲದ ತೊಟ್ಟಿಗೇ ನೀರು ಸುರಿದು ಓಡಿಬರತೊಡಗಿದ. ಮೇಲಕ್ಕೆ ಎತ್ತಲು ಮೋಟರ್ ಇತ್ತಲ್ಲ.

ಅಯ್ಯೋ ಪೆದ್ದೇ! ಕಣಿವೆಯಲ್ಲಿ ಅವಳನ್ನು ಎಲ್ಲರಿಗಿಂತ ಹೆಚ್ಚು ಭೇಟಿಯಾಗುತ್ತಿದ್ದ ಗಾಡಿ ಯಾವುದು? ಅವನದೇ. ಡಬ್ಬಿ ತನ್ನ ಲೆಕ್ಕ ಸರಿಯಾಗಿಯೇ ಹಾಕಿ, ಆ ಮೆಸೇಜನ್ನು ಬೇರೆ ಯಾರ ಕೈಗೂ ಕೊಡದೆ ಅವನ ಟ್ಯಾಂಕರಿನಲ್ಲೇ ಇಟ್ಟುಕೊಂಡು ಕೂತಿತ್ತು. ಹಾಲಿನ ವ್ಯಾನು ಎದುರಾದರೂ ಕೊಡಲಿಲ್ಲ. ಆ ವ್ಯಾನು ವರ್ಕ್‌ಶಾಪಿಗೆ ಹೋಗುತ್ತಿದ್ದುದು ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಹಾಗೆ ಇವನು ತನ್ನ ಮನಸ್ಸನ್ನೇ ಬೆನ್ನ ಹಿಂದೆ ಹೊತ್ತುಕೊಂಡು, ಅವಳೇಕೆ ಉತ್ತರ ಕೊಡಲಿಲ್ಲವೆಂದು ಕೊರಗಿ ಕಡ್ಡಿಯಾದ. ತಲೆಯ ಹಿಂದೆ ಬಿಗಿದ ಡಬ್ಬಿಯ ಹಳದಿ ದೀಪ ಮಿಣಮಿಣ ಅನ್ನುತ್ತಲೇ ಇತ್ತು. ಬಲ್ಬು ಕೆಟ್ಟಿರಬೇಕು ಅಂದುಕೊಂಡ.

ಒಂದು ಬೆಳಿಗ್ಗೆ ಹಾಲಿನ ವ್ಯಾನಿನವನು ಅವನ ಮನೆ ಮುಂದೆ ಬ್ರೇಕ್ ಹಾಕಿದ. "ನಾಳೆ ಟವರ್ ಚಾಲೂ ಅಂತೆ ಕಣಯ್ಯ. ಮೇಡಂ ಇವತ್ತೇ ಹೊರಟ್ರು, ಜೀಪ್ ಬಂದು ನಿಂತಿದೆ. ನಿನ್ ಡಬ್ಬಿ ಒಂದೇ ಬಾಕಿಯಂತೆ. ಕೊಟ್ಟ ಮೇಲೆ ಒಳಗಿರೋದೆಲ್ಲ ಅಳಿಸಿ ಮೂಟೆ ಕಟ್ತಾರೆ."

"ಬಿಚ್ಚಿ ಕೊಡ್ತೀನಿ, ನೀನೇ ತಗೊಂಡು ಹೋಗಪ್ಪ."

ಇಕ್ಕಳ ತಂದ, ಸುತ್ತಿಗೆ ತಂದ. ಡಬ್ಬಿ ಕಮಕ್ ಕಿಮಕ್ ಅನ್ನಲಿಲ್ಲ. ಅವಳ ಸ್ಕ್ರೂಗೆ ಅವಳ ಕೀಲಿಯೇ ಬೇಕು. ಬಾಗಿಲಲ್ಲಿ ನಿಂತ ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಟ್ಯಾಂಕರನ್ನೇ ಹೊಡ್ಕೊಂಡು ಹೋಗ್ಬೇಕು ಮೈದುನ. ಬೇರೆ ದಾರಿ ಇಲ್ಲ."

ತುಂಬಿದ ಟ್ಯಾಂಕರು ಏದುಸಿರು ಬಿಡುತ್ತಾ ತಿರುವು ಹತ್ತಿತು. ವರ್ಕ್‌ಶಾಪಿನ ಎದುರು ಅವಳು ಪೆಟ್ಟಿಗೆಯ ಮೇಲೆ ಕೂತಿದ್ದಳು, ಮುಖ ಊದಿಸಿಕೊಂಡು.

"ಬಂದ್ರಾ? ಗುಡ್ಡ ಎಲ್ಲಿದೆ ಅಂತ ಮರ್ತುಹೋಗಿತ್ತಾ?"

"ಡಬ್ಬಿ ಕೊಡೋಕೆ..."

ಅಷ್ಟರಲ್ಲಿ ಅವಳ ಜೇಬು ಕೂಗಿತು. ಅದರ ಹಿಂದೆಯೇ ಅವನ ಜೇಬೂ ಕೂಗಿತು. ಅವನ ತಲೆಯ ಹಿಂದಿನ ದೀಪ ಹಸಿರಾಯಿತು.

ಅವನ ಮೊಬೈಲಿನಲ್ಲಿ ಅವಳ ಮೆಸೇಜುಗಳ ಸಾಲು: 'ಇವತ್ತು ಯಾಕೆ ಬರ್ಲಿಲ್ಲ?' 'ಹುಷಾರಿಲ್ವಾ?' 'ನೀರು ಬೇಡ, ನೀವು ಬನ್ನಿ.' ಅವೆಲ್ಲ ಅವಳ ಡಬ್ಬಿಯಲ್ಲೇ ಉಳಿದಿದ್ದವು; ಅವನಿಗೆ ತಲುಪಿಸಲು ಅವನ ಗಾಡಿಯೇ ಬರಬೇಕಿತ್ತು. ಹಾಲಿನವನ ಬಾಯಲ್ಲಿ ಹೇಳಿಕಳಿಸಿದರೆ ಕಣಿವೆಗೆಲ್ಲ ಡಂಗುರ. ಹಾಗಾಗಿ ತಾನೇ ಬರೆದ ನಿಯಮಕ್ಕೆ ತಾನೇ ಕಟ್ಟುಬಿದ್ದು, ಹಳದಿ ದೀಪ ನೋಡುತ್ತಾ ಕೂತಿದ್ದಳು ಅವಳು.

ಅವಳು ತಲೆ ಎತ್ತದೆ ಓದಿದಳು. "'ನೀವು ನಕ್ಕರೆ ನಂಗೆ ಗೇರ್ ಮರ್ತುಹೋಗತ್ತೆ. ಮದ್ವೆ ಆಗ್ತೀರಾ?' ಇದನ್ನ ಯಾವಾಗ ಕಳಿಸಿದ್ದು?"

"ಬರೋದು ಬಿಟ್ಟೆನಲ್ಲ, ಅವತ್ತೇ."

ಅವಳಿಗೆ ಎಲ್ಲ ಅರ್ಥವಾಯಿತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು. "ಅವತ್ತು ಪಾಠ ಮಾಡುವಾಗ ಏನು ನೋಡ್ತಿದ್ರಿ ನೀವು?"

"ಗ್ರೀಸು."

ಜೀಪಿನ ಹಾರ್ನು ಬಡಿದುಕೊಂಡಿತು. ಅವಳು ಕೀಲಿ ಕೈಗೆತ್ತಿಕೊಂಡು ಡಬ್ಬಿಯ ಹತ್ತಿರ ಬಂದಳು. ಕೀಲಿಯನ್ನು ಹಾಗೇ ಜೇಬಿಗಿಳಿಸಿದಳು.

"ಎದುರಿಗೆ ಹೇಳೋಕೆ ನಂಗೂ ನಾಚಿಕೆ. ತಿರುವು ದಾಟಿದ ಮೇಲೆ ಟೈಪ್ ಮಾಡ್ತೀನಿ. ಜೀಪಲ್ಲೂ ಡಬ್ಬಿ ಇದೆ."

"ಅದು ನಂಗೆ ತಲುಪೋದು ಹೇಗೆ?"

"ಈ ಸಲ ಪಾಠ ನೀವೇ ಹೇಳಿ," ಅಂದು ಜೀಪು ಹತ್ತಿದಳು.

ಧೂಳು ಎದ್ದಿತು, ಜೀಪು ಮಾಯವಾಯಿತು. ಗಾಡಿಗೆ ಗಾಡಿ ಎದುರಾದರೆ ತಾನೇ ಮೆಸೇಜು ದಾಟುವುದು, ಬೆನ್ನು ಹತ್ತಲೇಬೇಕು! ಮುಂದೆ ಇನ್ನೂ ಕಡಿದಾದ ಏರು. ತುಂಬಿದ ಟ್ಯಾಂಕರು ಅದನ್ನು ಹತ್ತುವಷ್ಟರಲ್ಲಿ ಅವಳಿಗೆ ಮೊಮ್ಮಕ್ಕಳಾಗಿರುತ್ತಿದ್ದರು. ಬೆನ್ನ ಹಿಂದೆ ಕೆಳಗಿನ ಮನೆಗಳು ಕೊಡ ಇಟ್ಟುಕೊಂಡು ಕಾಯುತ್ತಿದ್ದವು. ಅತ್ತಿಗೆಯ ಬೈಗುಳ ಈಗಲೇ ಕಿವಿಯಲ್ಲಿ ಗುಂಯ್‌ಗುಟ್ಟಿತು.

ಓಡಿಹೋಗಿ ಹಿಂದಿನ ವಾಲ್ವ್ ಪೂರ್ತಿ ತಿರುಗಿಸಿಬಿಟ್ಟ.

ನೀರು ರಸ್ತೆ ತುಂಬ ಹೊಳೆಯಾಗಿ ಹರಿಯಿತು. ಹಗುರಾದ ಟ್ಯಾಂಕರು ಕರುವಿನಂತೆ ಜಿಗಿಯುತ್ತಾ ಏರು ಹತ್ತಿತು. ಒಂದು ತಿರುವು, ಇನ್ನೊಂದು ತಿರುವು. ಜೇಬಿನಲ್ಲಿ ಮೊಬೈಲು ಕೂಗಿತು.

ಅವನು ತೆಗೆದು ನೋಡಲಿಲ್ಲ. ಮುಂದೆ ರಸ್ತೆಯ ಮಧ್ಯೆ ಜೀಪು ನಿಂತಿತ್ತು. ಅವಳು ಇಳಿದು, ಪೆಟ್ಟಿಗೆ ಇಳಿಸಿಕೊಂಡು, ಅದರ ಮೇಲೆ ಕೂತಿದ್ದಳು.